ಹೆಂಡತಿಯ ವೀಸಾದಲ್ಲಿ ಗಂಡನಿಗೆ ಜಾಗವಿಲ್ಲ

ಮಸ್ಕತ್‌ಗೆ ಬಂದ ಮೊದಲ ಮಧ್ಯಾಹ್ನವೇ ತಣ್ಣೀರಿನ ನಳ ತಿರುಗಿಸಿ ಕೈ ಸುಟ್ಟುಕೊಂಡೆ. ಮಾಳಿಗೆಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುತ್ತಿತ್ತು. "ಬೇಸಗೆಯಲ್ಲಿ ಗೀಸರ್ ಆಫ್ ಮಾಡಿಟ್ಟು ಬಿಸಿನೀರಿನ ನಳ ಬಿಡಬೇಕು ಮಾರಾಯ್ತಿ, ಒಳಗೆ ನಿಂತು ತಣಿದ ನೀರು ಅದರಲ್ಲೇ ಬರುವುದು," ಎಂದು ನಮ್ಮವರು ನಕ್ಕರು. ಮೂಲ್ಕಿಯ ಬಾವಿಕಟ್ಟೆಯಲ್ಲಿ ಬೆಳೆದ ನನಗೆ ಇದೆಂಥ ತಲೆಕೆಳಗಾದ ಊರಪ್ಪಾ ಅನ್ನಿಸಿತು. ಎಂಬತ್ತರ ದಶಕದ ನಡುವಿನ ಮಾತು ಅದು.

ಅದಕ್ಕೆ ಮೊದಲು ಅವರು ಇಲ್ಲಿ, ನಾನು ಊರಲ್ಲಿ. ರಜೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ "ಎಷ್ಟು ದಿನ ರಜೆ?" ಎಂದು ಕೇಳುತ್ತಿದ್ದೆ. "ಮೊದಲು ಕುಡಿಯಲಿಕ್ಕೆ ನೀರು ಕೊಡು," ಎಂದು ಮಾತು ಹಾರಿಸುತ್ತಿದ್ದರು. ಆ ಪ್ರಶ್ನೆ ಇನ್ನು ಕೇಳಬೇಕಾಗಿಲ್ಲ ಎಂಬ ಸಂತೋಷಕ್ಕೇ ಈ ಬೋಳು ಗುಡ್ಡಗಳನ್ನು ನಾನು ಒಪ್ಪಿಕೊಂಡದ್ದು.

ಅವರಿಗೆ ವಾದಿ ಅದಾಯ್‌ನ ವರ್ಕ್‌ಶಾಪ್ ಒಂದರಲ್ಲಿ ಕೆಲಸ. ನಮಗೆ ಮಕ್ಕಳಾಗಲಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ನಮ್ಮ ಕಟ್ಟಡದಲ್ಲಿ ಬೇಕಾದಷ್ಟಿದ್ದರು. ಅವರ ಮಕ್ಕಳಿಗೆ ಗಂಜಿ ಉಣಿಸಿ, ಮಲಗಿಸಿ, ಸಂಜೆ ಒಪ್ಪಿಸುತ್ತಿದ್ದೆ. ಹಿಂದಿ, ಒಂದಿಷ್ಟು ಅರಬಿ ಆ ಮಕ್ಕಳೇ ಕಲಿಸಿದ್ದು. ಯಾರು ಕೇಳಿದರೂ "ಮನೆಯಲ್ಲೇ ಇರುವುದು" ಅನ್ನುತ್ತಿದ್ದೆ. ಗಂಡನ ವೀಸಾದಲ್ಲಿ ಬಂದವಳು ದುಡಿಯುವಂತಿಲ್ಲ, ಬೇರೇನು ಹೇಳಲಿ?

ತೊಂಬತ್ತರ ದಶಕದ ಒಂದು ಶುಕ್ರವಾರ, ವಾರದ ರಜೆಯ ದಿನ, ಅವರು ಊಟದ ತಟ್ಟೆಯ ಮುಂದೆಯೇ ವಾಲಿದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಕರೆತಂದ ಮೇಲೆ ಅವರ ಕಂಪೆನಿಯ ಅಕೌಂಟೆಂಟ್, ಮಂಗಳೂರಿನ ಆಲ್ಬರ್ಟಣ್ಣ, ಮನೆಗೆ ಬಂದರು.

"ವರ್ಕ್‌ಶಾಪಲ್ಲಿ ಬಿದ್ದಿದ್ದರೆ ಪರಿಹಾರ ಕೇಳಬಹುದಿತ್ತು ಅಕ್ಕ. ಇದು ಮನೆಯಲ್ಲಿ ಆದದ್ದು. ಸರ್ವಿಸಿನ ಹಣ ಮಾತ್ರ ಸಿಗುವುದು."

"ಅಷ್ಟು ವರ್ಷದ ಸರ್ವಿಸ್ ಉಂಟಲ್ಲ?"

"ಎಲ್ಲಿ ಉಂಟು? ಪ್ರತಿ ಸಲ ಖಲಾಸ್ ಮಾಡಿಸಿಯೇ ಹೋದದ್ದಲ್ವಾ?"

ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಭೂತದ ನೇಮಕ್ಕೆ ದೈವದೆದುರು ಹಿರಿಯರಾಗಿ ನಿಲ್ಲಬೇಕಾದವರು ಇವರು. ರಜೆ ಸಿಗದ ವರ್ಷ ಕೆಲಸ ಖಲಾಸ್, ಅಂದರೆ ಮುಗಿಯಿತು, ಎಂದು ಸಹಿ ಹಾಕಿ ಇಬ್ಬರೂ ಊರಿಗೆ ಹೋಗುವುದು. ನೇಮ ಕಳೆದ ಮೇಲೆ ಅದೇ ಧಣಿಯಿಂದ ಹೊಸ ವೀಸಾ ತರಿಸಿಕೊಂಡು ಬರುವುದು. ನಮ್ಮ ಕಡೆಯವರು ಎಷ್ಟೋ ಜನ ಮಾಡುತ್ತಿದ್ದದ್ದೇ. ಹೋಗುವಾಗ ಕೈಗೆ ಬಂದ ಸರ್ವಿಸಿನ ಹಣ ಊರಲ್ಲೇ ಖರ್ಚಾಗುತ್ತಿತ್ತು. ಸರ್ವಿಸ್ ಪ್ರತಿ ಸಲ ಮೊದಲಿನಿಂದ ಶುರು ಎಂದು ನಮ್ಮ ತಲೆಗೆ ಹೋಗಲೇ ಇಲ್ಲ. ಕೊನೆಯ ಸಲ ಬಂದು ವರ್ಷ ತುಂಬಿತ್ತಷ್ಟೆ.

ಕೆಲಸವಿಲ್ಲದಿದ್ದರೆ ಅವರ ವೀಸಾ ಇಲ್ಲ, ಅವರದಿಲ್ಲದಿದ್ದರೆ ನನ್ನದಿಲ್ಲ. ಬರಿಗೈಯಲ್ಲಿ ಊರಿಗೆ ಹೋಗಿ ಮದ್ದಿಗೆ ಏನು ಮಾಡುವುದು? ನಾನು ಸಾಕಿದ ಮಗುವೊಂದರ ತಾಯಿ ಖುರುಮ್‌ನ ಒಂದು ನರ್ಸರಿಯಲ್ಲಿ ಹೇಳಿ ಆಯಾ ಕೆಲಸ ಕೊಡಿಸಿದಳು. ವೀಸಾ ನನ್ನದೇ ಹೆಸರಿನಲ್ಲಿ. ಬದುಕಿದೆ ಅಂದುಕೊಂಡೆ.

"ಇನ್ನು ಇವರು ನನ್ನ ವೀಸಾದಲ್ಲಿ ಇರಬಹುದಲ್ಲ ಆಲ್ಬರ್ಟಣ್ಣ?"

ಅವರು ನೆಲ ನೋಡಿದರು. "ಗಂಡನ ವೀಸಾದಲ್ಲಿ ಹೆಂಡತಿ ಇರಬಹುದು ಅಕ್ಕ. ಹೆಂಡತಿಯದ್ದರಲ್ಲಿ ಗಂಡ ಇರಲಿಕ್ಕೆ ಆಗುವುದಿಲ್ಲ."

ಗಾಲಿಕುರ್ಚಿಯಲ್ಲಿ ಅವರನ್ನು ವಿಮಾನ ಹತ್ತಿಸಿದೆ. ಈಗ ಮೂಲ್ಕಿಯಲ್ಲಿ ಅವರ ಅಕ್ಕ ನೋಡಿಕೊಳ್ಳುತ್ತಾರೆ. ಇಲ್ಲಿ ಯಾರದೋ ಮಕ್ಕಳಿಗೆ ನಾನು ಉಣಿಸುವಾಗ ಅಲ್ಲಿ ಅವರಿಗೆ ಇನ್ನೊಬ್ಬರು ಉಣಿಸುತ್ತಿರುತ್ತಾರೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದೆ. ಅವರು ಜಗಲಿಯ ಕುರ್ಚಿಯಲ್ಲಿ ಕಾಯುತ್ತಿದ್ದರು. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ತೊದಲುವ ನಾಲಗೆಯಲ್ಲಿ ಕೇಳಿದರು, "ಎಷ್ಟು... ದಿನ ರಜೆ?"

ಮೊದಲು ಕುಡಿಯಲಿಕ್ಕೆ ನೀರು ಬೇಕು ಅಂದೆ.