ಬ್ರೇಕಿಗೆ ತೆಂಗಿನಕಾಯಿ

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ. ಬೆಳಿಗ್ಗೆ ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೆಮ್ಮಿ, ಕಣ್ಣೊರೆಸಿಕೊಂಡು ಹೊರಡಬೇಕು. ಮಳವಳ್ಳಿಯಿಂದ ಮದ್ದೂರಿಗೆ ಅಂಥದೊಂದು ಬಸ್ಸನ್ನು ನಾನು ಓಡಿಸುತ್ತಿದ್ದೆ. ಸಂಜೆ ಮನೆಗೆ ಬಂದರೆ ನನ್ನ ಮೈಕೈ ಮಸಿ ನೋಡಿ ಹೆಂಡತಿ ಬಾಗಿಲಲ್ಲೇ ಚೊಂಬು ಹಿಡಿದು ನಿಲ್ಲುತ್ತಿದ್ದಳು.

ಬಸ್ಸು ಮಳವಳ್ಳಿಯ ಒಬ್ಬ ಬೆಲ್ಲದ ಸಾಹುಕಾರರದು. ಅದನ್ನು ಅವರು ಎತ್ತು ಎಂದೇ ತಿಳಿದಿದ್ದರು. ಬೈದರೆ ಓಡುತ್ತದೆ, ಇನ್ನೂ ಬೈದರೆ ಇನ್ನೂ ಓಡುತ್ತದೆ. ರೈಲು ಬರುವುದರೊಳಗೆ ನಾವು ಮದ್ದೂರು ಸ್ಟೇಷನ್ನಿನಲ್ಲಿರಬೇಕು. ತಡವಾದರೆ ರೈಲಿನಿಂದ ಇಳಿದವರನ್ನೆಲ್ಲ ಇನ್ನೊಬ್ಬರ ಬಸ್ಸು ತುಂಬಿಕೊಂಡು ಹೋಗುತ್ತಿತ್ತು. ನಮ್ಮ ಸಾಹುಕಾರರಿಗೆ ಜಪಾನಿಗಿಂತ ದೊಡ್ಡ ಶತ್ರು ಆ ಬಸ್ಸು.

ಏರು ಬಂದರೆ ಗ್ಯಾಸಿಗೆ ತ್ರಾಣ ಸಾಲದು. ಜನ ಇಳಿದು ನೂಕುತ್ತಿದ್ದರು. ಏರಿನಲ್ಲಿ ಕಳೆದ ಹೊತ್ತನ್ನು ಇಳಿಜಾರಿನಲ್ಲಿ ಗಳಿಸಬೇಕು, ಇಂಜಿನ್ ನಿಲ್ಲಿಸಿ ಬಸ್ಸನ್ನು ಉರುಳಲು ಬಿಡಬೇಕು ಎಂದು ಸಾಹುಕಾರರ ಅಪ್ಪಣೆ. ಇದ್ದಿಲು ಉಳಿಯಿತು, ಹೊತ್ತೂ ಉಳಿಯಿತು. ಜೀವ ಉಳಿಸುವುದು ಬ್ರೇಕಿನ ಪಾಲಿಗೆ ಬಿತ್ತು. ಆ ಬ್ರೇಕೋ, ಪಟ್ಟಿ ಸವೆದು, ಒತ್ತಿದರೆ ನನ್ನ ಕಾಲು ತಳ ಮುಟ್ಟುತ್ತಿತ್ತು, ಬಸ್ಸು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

"ಬ್ರೇಕು ಇಡೀತಿಲ್ಲ ಸಾವ್ಕಾರ್ರೇ" ಎಂದೆ.

"ನಿಂಗೆ ಸಂಬ್ಳ ಕೊಡಾದು ಬಸ್ ಓಡ್ಸಕ್ಕೆ ಕಣ್ಲಾ, ನಿಲ್ಸಕ್ಕಲ್ಲ."

ಬಿಡದೆ ಮತ್ತೆ ಮತ್ತೆ ಹೇಳಿದೆ. ಕಡೆಗೆ ಅವರ ಮನಸ್ಸು ಕರಗಿತು. ಒಂದು ಶುಕ್ರವಾರ ಬಸ್ಸಿಗೆ ಅರಿಶಿನ ಕುಂಕುಮ ಹಚ್ಚಿಸಿ, ಬ್ರೇಕಿನ ಹೆಸರಿನಲ್ಲಿ ಬೇರೆಯೇ ಒಂದು ತೆಂಗಿನಕಾಯಿ ಒಡೆಸಿದರು. ನನಗೂ ಒಂದು ಚೂರು ಕೊಟ್ಟು, "ಇನ್ ಇಡೀತದೆ ಬುಡು" ಎಂದರು. ಕಾಯಿ ಬಲು ಸಿಹಿಯಾಗಿತ್ತು. ಬ್ರೇಕು ಹಾಗೆಯೇ ಇತ್ತು.

ಮದ್ದೂರಿಗೆ ಮುಂಚೆ ಉದ್ದನೆಯ ಇಳಿಜಾರು, ಅದರ ಬುಡದಲ್ಲಿ ಕೆರೆ ಏರಿಯ ತಿರುವು. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆ. ಒಂದು ದಿನ ಪೂರಿಗಾಲಿಯ ಮದುವೆ ದಿಬ್ಬಣ ತುಂಬಿಕೊಂಡು ಉರುಳುತ್ತಿದ್ದಾಗ ಬಸ್ಸು ನೀರಿನ ಅಂಚಿನವರೆಗೂ ಹೋಗಿ, ಹೇಗೋ ತಿರುಗಿಕೊಂಡಿತು. ದಿಬ್ಬಣದವರು ಉಯ್ಯಾಲೆ ಆಡಿದಂತೆ ನಕ್ಕರು. ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

ಮಾರನೆಯ ದಿನದಿಂದ ಇಳಿಜಾರಿನ ತಲೆಯಲ್ಲೇ ಎಲ್ಲರನ್ನೂ ಇಳಿಸಿ, ಖಾಲಿ ಬಸ್ಸನ್ನು ಗೇರಿನಲ್ಲಿ ಮೆಲ್ಲಗೆ ಇಳಿಸತೊಡಗಿದೆ. ಕೋಳಿ ಹಿಡಿದಿದ್ದ ಒಬ್ಬ ಮುದುಕಿ, "ಏರಲ್ಲೂ ಇಳಿಸ್ತೀಯ, ಇಳಿಜಾರಲ್ಲೂ ಇಳಿಸ್ತೀಯ. ನಾವು ಬಸ್ನಲ್ಲಿ ಕೂರಾದು ಯಾವಾಗ್ಲಾ?" ಎಂದಳು. ನಾವು ಮದ್ದೂರು ಮುಟ್ಟುವಾಗ ರೈಲು ಬಂದು ಹೋಗಿರುತ್ತಿತ್ತು. ರೈಲಿನ ಜನವೆಲ್ಲ ದಿನವೂ ಶತ್ರುವಿನ ಬಸ್ಸು ಹತ್ತಿದರು.

ಸಾಹುಕಾರರು ಪೇಟ ಸುತ್ತಿಕೊಂಡು ತಾವೇ ಬಂದು ನನ್ನ ಪಕ್ಕದಲ್ಲಿ ಕುಳಿತರು. "ಇವತ್ತು ಯಾರ್ನಾರ ಇಳಿಸ್ದೋ, ನೀನೂ ಇಳ್ಕೊಂಡು ಮನೇಗ್ ಓಗು. ಮಂಡ್ಯದ ಗುತ್ತಲಲ್ಲಿ ಡ್ರೈವರ್‌ಗಳು ಸಾಲಾಗಿ ನಿಂತವ್ರೆ."

ಮನೆಯಲ್ಲಿ ಉಣ್ಣುವ ಬಾಯಿಗಳೆಲ್ಲ ನನ್ನ ಸಂಬಳವನ್ನೇ ನಂಬಿದ್ದವು. ದಾರಿಯುದ್ದಕ್ಕೂ ಅದೇ ಯೋಚನೆ. ಇಳಿಜಾರಿನ ತಲೆಗೆ ಬಂದಾಗ ಕಣ್ಣಿಗೆ ಕೆರೆಯ ನೀರು ಬಿತ್ತು. ಬಸ್ಸು ನಿಲ್ಲಿಸಿ, "ನಾನೇ ಇಳೀತೀನಿ ಸಾವ್ಕಾರ್ರೇ" ಎಂದು ಇಳಿದೆ.

ಸಾಹುಕಾರರು ರೋಷದಿಂದ ನನ್ನ ಜಾಗಕ್ಕೆ ಸರಿದರು. ಅವರು ಸ್ಟಿಯರಿಂಗ್ ಹಿಡಿದದ್ದನ್ನು ಕಂಡದ್ದೇ ತಡ, ಬಸ್ಸು ತಾನಾಗಿ ಖಾಲಿಯಾಯಿತು. ಅವರು ಅದೇನು ಮುಟ್ಟಿದರೋ, ಇಂಜಿನ್ನೂ ನಿಂತಿತು. ಮರ್ಯಾದೆಯ ಪ್ರಶ್ನೆ, "ನೂಕ್ರಲಾ!" ಎಂದು ಕೂಗಿದರು. ಬ್ಯಾಡ ಬ್ಯಾಡ ಎಂದು ನಾನು ಬಡಕೊಂಡರೂ ಕೇಳುವವರಿಲ್ಲ. ದಿನವೂ ನೂಕಿ ಪಳಗಿದ ಕೈಗಳು, ನೂಕು ಎಂದ ಕೂಡಲೇ ನೂಕಿಬಿಟ್ಟವು.

ಬಸ್ಸು ಮೊದಲು ಗಾಂಭೀರ್ಯದಿಂದ ಇಳಿಯಿತು. ಆಮೇಲೆ ಗಾಂಭೀರ್ಯ ಹೋಯಿತು. ತಿರುವಿನಲ್ಲಿ ದೇವರು ದೊಡ್ಡವನು, ನೀರು ಬಿಟ್ಟು ಕಬ್ಬಿನ ಗದ್ದೆಗೆ ನುಗ್ಗಿತು. ಓಡಿಹೋಗಿ ನೋಡಿದರೆ ಪೇಟ ಕಬ್ಬಿನ ಮೇಲೆ, ಸಾಹುಕಾರರು ಕಬ್ಬಿನ ಕೆಳಗೆ. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಲೋಕಕ್ಕೇ ಹೊಸ ಸುದ್ದಿ ತಿಳಿಸುವವರಂತೆ, "ಬ್ರೇಕು ಇಡೀನಿಲ್ಲ ಕಣ್ಲಾ!" ಎಂದರು. ನಗು ತಡೆಯಲಾಗಲಿಲ್ಲ. ನಗುತ್ತಲೇ ಎತ್ತಿ ಕೂರಿಸಿದೆ.

ಮುಂದಿನ ವಾರ ಅವರ ಮನೆಯ ಅಟ್ಟದಿಂದ ಹೊಚ್ಚಹೊಸ ಬ್ರೇಕು ಪಟ್ಟಿಗಳು ಇಳಿದುಬಂದವು. ಯುದ್ಧಕ್ಕೆ ಮುಂಚೆಯೇ ಕೊಂಡು, ಸವೆದುಹೋದಾವೆಂದು ಜೋಪಾನವಾಗಿ ಇಟ್ಟಿದ್ದರಂತೆ. ನನ್ನ ಕೆಲಸ ಮಾತ್ರ ಹೋಯಿತು. ಮಂಡ್ಯಕ್ಕೆ ಕಬ್ಬು ಸಾಗಿಸುವ ಲಾರಿಯೊಂದು ಸಿಗುವವರೆಗೆ ಮನೆಯಲ್ಲಿ ಅಂಬಲಿಯೇ ಗತಿಯಾಯಿತು.

ಆಮೇಲೊಮ್ಮೆ ಮದ್ದೂರು ಸ್ಟೇಷನ್ನಿನ ಮುಂದೆ ಆ ಬಸ್ಸು ಬಂದು, ಗೆರೆ ಎಳೆದಂತೆ ನಿಂತಿತು. ನನ್ನ ಗುರುತಿಲ್ಲದ ಹೊಸ ಡ್ರೈವರು ಬೀಡಿಗೆ ಬೆಂಕಿ ಕೇಳುತ್ತ ಮಾತಿಗೆ ನಿಂತ. "ಪುಣ್ಯಾತ್ಮ ಕಣಣ್ಣ ನಮ್ ಸಾವ್ಕಾರ್ರು. ದಿನಾ ಬೆಳಿಗ್ಗೆ ಬ್ರೇಕು ಒತ್ತಿ ನೋಡ್ದೆ ಬಸ್ಸೇ ಬುಡಾಕಿಲ್ಲ. ಮೊದ್ಲು ಯಾವನೋ ಅಡ್ಕಸುಬಿ ಡ್ರೈವರ್ ಇದ್ನಂತೆ, ಅವ್ರನ್ನೇ ಕಬ್ಬಿನ ಗದ್ದೇಗ್ ಕೆಡವಿದ್ನಂತೆ."

ಆ ಅಡ್ಕಸುಬಿ ನಾನೇ ಎನ್ನಲು ಬಾಯಿ ತೆರೆದೆ. ಆದರೆ ಬಸ್ಸಿನಿಂದ ಜನ ಇಳಿಯುತ್ತಲೇ ಇದ್ದರು, ಕಂಕುಳ ಕೂಸುಗಳು, ಮುದುಕರು, ಮದುವೆಗೆ ಹೊರಟವರು. ಒಬ್ಬರ ಮುಖದಲ್ಲೂ ಹೆದರಿಕೆಯಿರಲಿಲ್ಲ.

"ಅವ್ನು ಓಗಿದ್ದೇ ಒಳ್ಳೇದಾಯ್ತು ಬುಡು" ಎಂದು ಅವನ ಬೀಡಿ ಹೊತ್ತಿಸಿದೆ.