ಬಾನೆಟ್ ಮೇಲೆ ಸತ್ತ ಬಿಳಿ ಕಣಗಳು

ಬೆಳಗಿನ ಆರೂಮುಕ್ಕಾಲು. ಹಲಗೂರಿನ ಕುಸುಮ ಅವರ ಮನೆ ಜಗುಲಿಯಲ್ಲಿ ಅಖ್ತರ್ ಬೇಗಂ ಕೂತಿದ್ದಾರೆ. ಆಗಷ್ಟೇ ತೆಗೆದ ರಕ್ತದ ಒಂದು ಹನಿಯನ್ನು ಸ್ಲೈಡ್ ಮೇಲಿಟ್ಟು, ಇನ್ನೊಂದು ಗಾಜಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಹರಡುತ್ತಾರೆ. ನಮ್ಮ ಹೋಟೆಲುಗಳ ದೋಸೆ ಭಟ್ಟರಿಗೂ ಈ ಹದ ಕಷ್ಟ.

ಐವತ್ತೆರಡು ವರ್ಷದ ಈಕೆ ಮದ್ದೂರಿನ ಪುಟ್ಟ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಲಾರಿ ಮೆಕ್ಯಾನಿಕ್ ಒಬ್ಬರ ಮಗಳು. ಒಂದು ಕಾಲಕ್ಕೆ ದಿನಕ್ಕೆ ಮೂವತ್ತು ಸ್ಲೈಡ್, ಒಂದೊಂದರಲ್ಲೂ ನೂರು ಬಿಳಿ ರಕ್ತಕಣ ಎಣಿಸುತ್ತಿದ್ದರು. ಕಣ ಎಣಿಸುವ ಮಿಷನ್ ಬಂದ ಮೇಲೆ ಮೈಕ್ರೋಸ್ಕೋಪಿಗೆ ಬಟ್ಟೆ ಹೊದಿಸಿದ್ದೂ ಅವರೇ.

ಕುಸುಮ ಅವರಿಗೆ ಸ್ತನ ಕ್ಯಾನ್ಸರ್. ಬಿಳಿ ಕಣ ಕಡಿಮೆಯೆಂಬ ವರದಿಯಿಂದ ಕಳೆದ ವರ್ಷ ಕೀಮೋ ಎರಡು ಸಲ ಮುಂದಕ್ಕೆ ಹೋಯಿತು. ಮೂರನೇ ಸಲವೂ ಮಿಷನ್ ಅದನ್ನೇ ಹೇಳಿತು. ಇನ್ನು ತಡವಾದರೆ ಗಡ್ಡೆ ಮತ್ತೆ ಬೆಳೆಯುವ ಭಯ. ಯಾಕೋ ಮನಸ್ಸು ತಡೆಯದೆ ಅಖ್ತರ್ ಬೇಗಂ ಸ್ಲೈಡ್ ಮಾಡಿ ನೋಡಿದರೆ, ಕಣಗಳ ಒಳಗಿನ ಬೀಜ, ಅಂದರೆ ನ್ಯೂಕ್ಲಿಯಸ್, ಮುದುಡಿ ಗುಂಡಗಾಗಿದೆ.

"ಇವು ಮೈಯಾಗೆ ಸತ್ತವಲ್ಲ, ಟ್ಯೂಬ್ನಾಗೆ ಸತ್ತವು ಅನ್ನುಸ್ತು. ರಕ್ತ ಎಂಗ್ ಬಂತು ಅಂತ ಕೇಳ್ದೆ" ಎನ್ನುತ್ತಾರೆ.

ನಮ್ಮ ಸೀಮೆಯಲ್ಲಿ ಎಲ್ಲವೂ ಬರುವ ಹಾಗೆಯೇ ಬಂದಿತ್ತು. ಊರಿನ ಕ್ಲಿನಿಕ್ಕಿನಲ್ಲಿ ತೆಗೆದ ರಕ್ತವನ್ನು ಕುಸುಮ ಅವರ ಗಂಡ ಶಿವರಾಜು ಪ್ರತಿಸಲವೂ ಬಸ್ ಡ್ರೈವರ್ ಕೈಗೆ ಕೊಟ್ಟಿದ್ದರು. ಡ್ರೈವರ್ ಅದನ್ನು ಟಿಫಿನ್ ಡಬ್ಬಿ, ಹೂವಿನ ಗಂಟಿನ ಜೊತೆ ಇಂಜಿನ್ ಬಾನೆಟ್ ಮೇಲೆ ಜೋಪಾನವಾಗಿ ಇಟ್ಟಿದ್ದ. ಬಸ್ಸು ಎರಡು ಟ್ರಿಪ್ ಹೊಡೆದ ಮೇಲೆ ಅದು ಲ್ಯಾಬ್ ಸೇರುತ್ತಿತ್ತು.

"ಈ ಕಣಕ್ಕೆ ಒಂದೆರಡು ದಿನದ ಆಯಸ್ಸು. ಸೋಂಕು ಬಂದ್ರೆ 'ಇನ್ನೊಸಿ ಇರು' ಅಂತ ಮೈಯಿಂದ ಸುದ್ದಿ ಬತ್ತದೆ, ಇರ್ತವೆ. ಕೆಲ್ಸ ಮುಗುದ್ರೆ ತಾವೇ ಮುದುಡ್ಕೊಂಡು ಸಾಯ್ತವೆ. ಸಾಯ್ದೆ ಉಳ್ಕೊಂಡ್ರೆ ನಮ್ ಮೈನೇ ಕೆಡುಸ್ತವೆ. ಸಾಯೋದೂ ಅವುಕ್ಕೆ ಕೆಲ್ಸನೇ. ಆದ್ರೆ ಬಾನೆಟ್ ಮ್ಯಾಲೆ ಸತ್ರೆ ಯಾರ್ಗೇನ್ ಬಂತು?" ಎಂದು ಕೇಳುತ್ತಾರೆ ಅಖ್ತರ್ ಬೇಗಂ.

ಮರುದಿನ ಮೊದಲ ಬಸ್ಸಿಗೆ ಹಲಗೂರಿಗೆ ಹೋಗಿ ತಾವೇ ರಕ್ತ ತೆಗೆದು, ತಂಪು ಡಬ್ಬಿಯಲ್ಲಿ ತಂದರು. ಕಣಗಳು ಬೇಕಾದಷ್ಟಿದ್ದವು, ಕೀಮೋ ನಡೆಯಿತು. ಅಂದಿನಿಂದ ವಾರಕ್ಕೆ ಮೂರು ದಿನ ಹೀಗೆ ಊರೂರು ತಿರುಗಾಟ. ಕುಸುಮ ಈಗ ಚಿಕಿತ್ಸೆ ಮುಗಿಸಿದ್ದಾರೆ, ಇವತ್ತಿನ ರಕ್ತ ಬರೀ ತಪಾಸಣೆಗೆ. "ಒಡಹುಟ್ಟಿದೋರೂ ಇಂಗೆ ಓಡ್ಬರಕಿಲ್ಲ ಕಣಣ್ಣ" ಎಂದು ಅಖ್ತರಕ್ಕನ ಕೈ ಹಿಡಿಯುತ್ತಾರೆ. ಇಂಥವರು ನಮ್ಮ ನಡುವೆ ಇರುವುದು ನಮ್ಮ ಪುಣ್ಯ.

ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಅಖ್ತರ್ ಬೇಗಂ ಸ್ಲೈಡನ್ನು ಕೆಳಗಿಟ್ಟು ನನ್ನತ್ತ ತಿರುಗುತ್ತಾರೆ.

"ಬರೀರಿ. ಆದ್ರೆ ಮೊದ್ಲಿನ ಎರಡು ರಿಪೋರ್ಟ್ಗೆ ಸೈನ್ ಆಕಿದ್ದೂ ನಾನೇ, ಸ್ಲೈಡ್ ನೋಡಿರ್ನಿಲ್ಲ. ಡಾಕ್ಟ್ರಿಗೆ ನಾನೇ ಫೋನ್ ಮಾಡಿ ಏಳ್ದೆ. ಅದುನ್ನ ಬುಟ್ಬುಟ್ಟು ಬರೀಬೇಡಿ."