ಕಾಲಿನ ಕೌದಿ

ಮಸ್ಕಿಯ ಒಂದು ಮಠದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು ನಾನು. ಹೊಸ ಮಷಿನ್ ಬೇಕೆಂದು ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದ್ದೆವು. ಪರಿಶೀಲನೆಗೆಂದು ಲಿಂಗಸುಗೂರಿನಿಂದ ಬಂದ ಸಾಹೇಬರು ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು.

"ಎಲ್ಲಾರೂ ಬರಿಗಾಲಾಗ ಮಷಿನ್ ತುಳ್ಯಾಕತ್ತಾರಲ್ರೀ? ಕಾಲಾಗ ಚಪ್ಪಲಿ ಇರಬೇಕಂತ ರೂಲ್ಸ್ ಐತಿ. ಫೋಟೋದಾಗ ಕಾಣಬೇಕು."

"ಇದು ಮಠ ರೀ ಸಾಹೇಬ್ರ. ಚಪ್ಪಲಿ ಒಳಗ ಬರಂಗಿಲ್ಲ."

"ಹಂಗಾದ್ರ ಅನುದಾನಾನೂ ಬರಂಗಿಲ್ಲ," ಎಂದು ಹೊರಟೇಬಿಟ್ಟರು.

ಅಷ್ಟಕ್ಕೇ ಬಿಡುವ ಪೈಕಿಯವಳಲ್ಲ ನಾನು. ಮರುದಿನ ಹುಡುಗಿಯರ ಮುಂದೆ ಮನೆಯಿಂದ ತಂದ, ಹಳೆ ಸೀರೆಗಳ ಪದರ ಸೇರಿಸಿ ಹೊಲಿದ ಕೌದಿ ಹರವಿ, "ಇವತ್ತಿನ ಪಾಠ ಚಪ್ಪಲಿ," ಅಂದೆ. ಅದನ್ನೇ ಕತ್ತರಿಸಿ ಎಲ್ಲರೂ ತಮ್ಮ ತಮ್ಮ ಅಳತೆಗೆ ಹೊಲಿದುಕೊಂಡರು. ಮಠದ ಸ್ವಾಮಿಗಳು ಒಂದನ್ನು ತಿರುಗಿಸಿ ನೋಡಿ, "ಚರ್ಮ ಅಲ್ಲ, ಹೊರಗಿನ ಮಣ್ಣೂ ಮೆಟ್ಟಿಲ್ಲ. ಇದು ಕಾಲಿನ ಕೌದಿ ಬಿಡವ್ವ," ಎಂದರು.

ಚಪ್ಪಲಿ ಆಗ್ಯಾವ ಎಂದು ಹೇಳಿಕಳಿಸಿದ್ದಕ್ಕೆ ವಾರದ ಮೇಲೆ ಸಾಹೇಬರು ಮತ್ತೆ ಬಂದರು. ಹೊಸ್ತಿಲ ಹೊರಗೆ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿಸಿದೆವು. ಒಬ್ಬೊಬ್ಬರ ಕಾಲನ್ನೂ ಬಗ್ಗಿ ನೋಡಿ, ತೃಪ್ತಿಯಾಗಿ, ನಮ್ಮ ನಡುವೆಯೇ ನಿಂತು ಫೋಟೋ ತೆಗೆಸಿಕೊಂಡರು.

ಅನುದಾನ ಮಂಜೂರಾಯಿತು. ಆ ಫೋಟೋ ಈಗ ಹೊಸ ಮಷಿನ್‌ಗಳ ಮೇಲಿನ ಗೋಡೆಯಲ್ಲಿದೆ. ಅದರಲ್ಲಿ ರೂಲ್ಸ್ ಮುರಿದು ಬರಿಗಾಲಲ್ಲಿ ನಿಂತವರು ಸಾಹೇಬರೊಬ್ಬರೇ.